ಗುಲ್ಮ ತೆಗೆಸಿಕೊಂಡವರಿಗೆ ಹೇಳುವ ಮಾತು

ಕೂಡ್ಲಿಗಿ, ಹಡಗಲಿ ಕಡೆಯಿಂದ ನಮ್ಮ ವಾರ್ಡಿಗೆ ಬರುತ್ತಿದ್ದವರಲ್ಲಿ ಬಹಳ ಮಂದಿ ಕಾಗದಪತ್ರ ತೋರಿಸುವ ಮೊದಲು ಬರೆ ತೋರಿಸುತ್ತಿದ್ದರು. ಎಡ ಪಕ್ಕೆಲುಬಿನ ಕೆಳಗೆ ಬೆರಳಗಲದ ಸುಟ್ಟ ಗುರುತು. ಕೆಲವರಿಗೆ ಒಂದು, ಕೆಲವರಿಗೆ ಏಣಿಯ ಮೆಟ್ಟಿಲಿನಂತೆ ಐದಾರು. ಕಾಮಣಿ, ಅಂದರೆ ಕಾಮಾಲೆ ಆಯಿತೆಂದು ಒಂದು ಬರೆ, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕಿತೆಂದು ಇನ್ನೊಂದು, ಗಡ್ಡೆ ಕೆಳಗಿಳಿದಂತೆ ಅದರ ಬೆನ್ನು ಹತ್ತಿ ಮತ್ತೊಂದು. ನಮ್ಮ ಹಿರಿಯ ಸಿಸ್ಟರ್ ಶಾಂತಕ್ಕ ಆ ಬರೆಗಳನ್ನು ಎಣಿಸಿಯೇ, "ಇವರಿಗೆ ನಾಕು ವರ್ಷದಿಂದ ಬೆಳದೈತಿ ನೋಡು" ಎಂದುಬಿಡುತ್ತಿದ್ದರು. ರೋಗಿಯನ್ನು ಕೇಳಿದರೆ ಅವನೂ ಹೆಚ್ಚುಕಡಿಮೆ ಅಷ್ಟೇ ಹೇಳುತ್ತಿದ್ದ.

ಆ ಗಡ್ಡೆಯೇ ಗುಲ್ಮ. ಅದು ಎಲ್ಲರಿಗೂ ಇರುತ್ತದೆ. ಮುಷ್ಟಿಯಷ್ಟು ದಪ್ಪವಾಗಿ, ಎಡ ಪಕ್ಕೆಲುಬಿನ ಒಳಗೆ ತನ್ನ ಪಾಡಿಗೆ ತಾನಿರುತ್ತದೆ. ಹೆಪಟೈಟಿಸ್ ವೈರಸ್ಸಿನಿಂದಲೋ ಕುಡಿತದಿಂದಲೋ ಲಿವರ್ ಗಂಟುಗಂಟಾಗಿ ಗಟ್ಟಿಯಾದಾಗ ಅದನ್ನು ಸಿರೋಸಿಸ್ ಎನ್ನುತ್ತಾರೆ. ಆಗ ಲಿವರಿನೊಳಗೆ ಹೋಗಬೇಕಾದ ರಕ್ತ ದಾರಿ ಸಿಗದೆ ಹಿಂದಕ್ಕೆ ಒತ್ತುತ್ತದೆ. ಕಾಲುವೆಯ ತೂಬು ಕಟ್ಟಿಕೊಂಡರೆ ಹಿಂದಿನ ಹೊಲದಲ್ಲಿ ನೀರು ನಿಲ್ಲುತ್ತದಲ್ಲ, ಹಾಗೆ. ಗುಲ್ಮ ಊದುತ್ತದೆ. ಊದಿದ ಗುಲ್ಮಕ್ಕೆ ಹಸಿವು ಜಾಸ್ತಿ, ರಕ್ತದಲ್ಲಿನ ಪ್ಲೇಟ್‌ಲೆಟ್ ಕಣಗಳನ್ನು ನುಂಗಲು ಶುರುಮಾಡುತ್ತದೆ. ಆ ಕಣಗಳು ಕಡಿಮೆಯಾದರೆ ಗಾಯದ ರಕ್ತ ನಿಲ್ಲುವುದಿಲ್ಲ. ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ನಾನು ಚಿಗಟೇರಿಯವಳು. ಮೂವತ್ತೊಂದು ವರ್ಷ ಸರ್ಕಾರಿ ನರ್ಸಾಗಿದ್ದೆ. ಬಹುಪಾಲು ಜಿಲ್ಲೆಯ ದೊಡ್ಡಾಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ, ಕೊನೆಯ ಆರು ವರ್ಷ ಕೊಟ್ಟೂರಿನಲ್ಲಿ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಪಿಂಚಣಿ ಕಾಗದದಲ್ಲಿದೆ, ಅದನ್ನು ಓದಿ ಯಾರ ಹೊಟ್ಟೆಯೂ ತುಂಬುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರೇ, ನಾನು ಬರೆಯುತ್ತಿರುವುದು ನಾನು ಮಾಡಿದ ಎಡವಟ್ಟುಗಳನ್ನು, ನನ್ನನ್ನು ತಿದ್ದಿದವರನ್ನು. ನಾನು ಬಾಯಿ ಜೋರಿನವಳು ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅದು ನಿಜ.

ಮೊದಲ ಎಡವಟ್ಟು ಸೂಜಿಯದು. ಆಗ ಚುಚ್ಚಿದ ಸೂಜಿಗೆ ಎರಡು ಕೈಯಲ್ಲಿ ಮತ್ತೆ ಮುಚ್ಚಳ ಹಾಕಿಡುವುದೇ ಅಚ್ಚುಕಟ್ಟು ಎಂದು ನಮಗೆ ಕಲಿಸಿದ್ದರು. ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬರು ಹೆಪಟೈಟಿಸ್ ಬಿ ರೋಗಿ, ಅವರ ರಕ್ತ ತೆಗೆದು ಸೂಜಿಗೆ ಮುಚ್ಚಳ ಹಾಕುವಾಗ ಅದು ಮುಚ್ಚಳದ ಪಕ್ಕದಿಂದ ಜಾರಿ ನನ್ನ ಎಡಗೈ ಹೆಬ್ಬೆರಳಿಗೆ ಇಳಿಯಿತು. ಸೋಪು ಹಾಕಿ ತೊಳೆದುಕೊಂಡೆ, ಬಾಯಿ ಮುಚ್ಚಿಕೊಂಡೆ. ಮದುವೆಯಾಗಿ ಮೂರು ತಿಂಗಳು, ಕೆಲಸಕ್ಕೆ ಸೇರಿ ಒಂದು ವರ್ಷ. ಹೇಳಿದರೆ ಕೈ ಸರಿಯಿಲ್ಲದವಳು ಎನ್ನುತ್ತಾರೆ, ಅತ್ತೆ ಮನೆಗೆ ತಿಳಿದರೆ ಇನ್ನೇನೋ ಎನ್ನುತ್ತಾರೆ ಎಂಬ ಭಯ.

ಮಧ್ಯಾಹ್ನ ಊಟಕ್ಕೆ ಕೂತಾಗ ಶಾಂತಕ್ಕ ನನ್ನ ಡಬ್ಬಿ ನೋಡಿದರು.

"ಯಾಕ ಅನ್ನ ಕೆದರಾಕತ್ತಿ? ಏನಾಗೇತಿ?"

"ಏನಿಲ್ಲಕ್ಕ."

"ಕೈ ತೋರ್ಸು."

ಹೆಬ್ಬೆರಳು ನೋಡಿದ್ದೇ ತಡ, ಎಂಜಲ ಕೈಯಲ್ಲೇ ನನ್ನ ರಟ್ಟೆ ಹಿಡಿದು ಫಿಸಿಷಿಯನ್ ಹತ್ತಿರ ಎಳೆದುಕೊಂಡು ಹೋದರು. ದಾರಿಯುದ್ದಕ್ಕೂ ಬೈದರು. "ಚುಚ್ಚಿದ್ದಕ್ಕ ಬೈಯವಲ್ಲೆ ಲೇ, ಮುಚ್ಚಿಟ್ಟಿದ್ದಕ್ಕ ಬೈತೀನಿ" ಎಂದರು. ಅವತ್ತೇ ತಡೆ ಇಂಜೆಕ್ಷನ್ ಆಯಿತು. ಆಮೇಲೆ ಆರು ತಿಂಗಳು ಪರೀಕ್ಷೆ. ಪ್ರತಿ ಸಲ ಲ್ಯಾಬಿಗೆ ಅವರೂ ಜೊತೆಗೆ ಬಂದರು, ವಾರ್ಡಿನಲ್ಲಿ ಒಬ್ಬರಿಗೂ ಹೇಳಲಿಲ್ಲ. ಏನೂ ಅಂಟಿಲ್ಲ ಎಂದು ಕೊನೆಯ ರಿಪೋರ್ಟು ಬಂದ ದಿನ ನಾನು ಅತ್ತುಬಿಟ್ಟೆ, ಅವರು ಮೂಗು ಒರೆಸಿಕೊಂಡು, "ನಡಿ, ಡ್ರೆಸಿಂಗ್ ಬಾಕಿ ಅದಾವ" ಎಂದರು. ಶಾಂತಕ್ಕ ಈಗಿಲ್ಲ. ನನ್ನ ಇಬ್ಬರು ಮಕ್ಕಳನ್ನು ನೋಡಿದಾಗಲೆಲ್ಲ ಆ ಎಂಜಲ ಕೈ ನೆನಪಾಗುತ್ತದೆ. ಈಗ ಬಳಸಿದ ಸೂಜಿಗೆ ಯಾರೂ ಮುಚ್ಚಳ ಹಾಕುವುದಿಲ್ಲ, ನೇರ ಡಬ್ಬಕ್ಕೆ ಹೋಗುತ್ತದೆ. ನೀವು ಪುಣ್ಯವಂತರು.

ಇನ್ನು ನಮ್ಮ ಸರ್ಜನ್ ಸರ್. ಹಡಗಲಿಯವರು, ದೊಡ್ಡ ಧ್ವನಿ, ಸಣ್ಣ ಕೈ. ಲಿವರ್ ಕೆಟ್ಟವರ ಗುಲ್ಮ ತೆಗೆಯುವುದೆಂದರೆ ಹುಡುಗಾಟವಲ್ಲ, ರಕ್ತನಾಳಗಳು ಉಬ್ಬಿ ಹೆಬ್ಬೆರಳ ಗಾತ್ರ ಆಗಿರುತ್ತವೆ, ಒಂದು ಹರಿದರೆ ಮುಗಿಯಿತು. ಹಾಗಾಗಿ ಅವರದೊಂದು ಪದ್ಧತಿ ಇತ್ತು. ಆಪರೇಷನ್ನಿನ ಹಿಂದಿನ ದಿನ ಫಿಸಿಷಿಯನ್, ಅರಿವಳಿಕೆ ಡಾಕ್ಟರು, ವಾರ್ಡಿನ ಸಿಸ್ಟರ್ ಎಲ್ಲರನ್ನೂ ರೋಗಿಯ ಮಂಚದ ಹತ್ತಿರ ಅಲ್ಲ, ತಮ್ಮ ಕೋಣೆಯಲ್ಲಿ ನಿಲ್ಲಿಸಿಕೊಂಡು ಒಂದೇ ಪ್ರಶ್ನೆ ಕೇಳುವರು: "ಯಾಕ ಮಾಡಬಾರದು, ಹೇಳ್ರಿ." ಮಾಡಬೇಕೆನ್ನುವುದಕ್ಕೆ ಕಾರಣ ಅವರಿಗೆ ಗೊತ್ತಿತ್ತು. ಬೇಡವೆನ್ನುವ ಕಾರಣ ಮಾತ್ರ ನಮ್ಮ ಬಾಯಿಂದ ಬರಬೇಕಿತ್ತು.

ನರ್ಸಿನ ಮಾತನ್ನು ಯಾವ ಡಾಕ್ಟರು ಕೇಳುತ್ತಾರೆ ಎಂದುಕೊಂಡು ನಾನು ಮೊದಲೆಲ್ಲ, "ಏನೂ ಇಲ್ಲ ಸರ್" ಎನ್ನುತ್ತಿದ್ದೆ. ಒಮ್ಮೆ ಕೂಡ್ಲಿಗಿಯ ಒಬ್ಬ ಮೇಷ್ಟ್ರು ಸೇರಿದ್ದರು. ವಾರ್ಡಿಗೆ ಸೇರುವಾಗ ಮುತ್ತು ಪೋಣಿಸಿದ ಹಾಗೆ ಸಹಿ ಹಾಕಿದ್ದರು. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಲು ಹೋದಾಗ ಪೆನ್ನು ಹಿಡಿದು ಸುಮ್ಮನೆ ಕೂತರು. ಆಮೇಲೆ ಗೀಚಿದ್ದು ಒಂದನೇ ತರಗತಿ ಹುಡುಗ ಬರೆದ ಹಾಗಿತ್ತು. "ಕೈ ಯಾಕೋ ಬರವಲ್ದು ಸಿಸ್ಟರ್" ಎಂದು ನಕ್ಕರು. ನಾನು ಎರಡೂ ಸಹಿಗಳನ್ನು ತಂದು ಸರ್ ಮುಂದೆ ಇಟ್ಟೆ. ಅವರು ಐದು ನಿಮಿಷ ನೋಡಿ, "ನಾಳೆದು ರದ್ದು" ಎಂದರು. ಲಿವರ್ ಸೋತಾಗ ವಿಷ ಮೆದುಳಿಗೆ ಏರುವ ಮೊದಲ ಗುರುತು ಅದು. ಎರಡೇ ದಿನದಲ್ಲಿ ಮೇಷ್ಟ್ರಿಗೆ ಎಚ್ಚರ ತಪ್ಪಿತು, ಔಷಧದಿಂದ ಚೇತರಿಸಿಕೊಂಡರು. ಕೊಯ್ದಿದ್ದರೆ ಟೇಬಲ್ ಮೇಲೇ ಹೋಗುತ್ತಿದ್ದರು ಎಂದು ಸರ್ ಎಲ್ಲರೆದುರು ಹೇಳಿದರು. ಅವತ್ತು ನಾನು ಮನೆಗೆ ಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡೆ, ಸ್ವಲ್ಪ ಜಂಬವೂ ಬಂತು.

ಸರ್ ಅವರ ಇನ್ನೊಂದು ಅಭ್ಯಾಸ, ತೆಗೆದ ಗುಲ್ಮವನ್ನು ತಟ್ಟೆಯಲ್ಲಿಟ್ಟು ಮನೆಯವರಿಗೆ ತೋರಿಸುವುದು. ಹಂಪಸಾಗರದ ಒಬ್ಬ ಮೀನುಗಾರನಿಗೆ ಆಪರೇಷನ್ ಚೆನ್ನಾಗಿ ಆಯಿತು. ತಿಂಗಳಾದ ಮೇಲೆ ಅವನ ತಾಯಿ ಒಬ್ಬ ಅಕ್ಕಸಾಲಿಯನ್ನು ಕರೆದುಕೊಂಡು ನಮ್ಮ ವಾರ್ಡಿಗೇ ಬಂದಳು. ಮಗ ಉಳಿದರೆ ಮನೆದೇವರಿಗೆ ಬೆಳ್ಳಿ ಗುಲ್ಮ ಮಾಡಿಸಿ ಕೊಡುತ್ತೇನೆಂದು ಹರಕೆ ಹೊತ್ತಿದ್ದಳಂತೆ. ಅಕ್ಕಸಾಲಿ ತಲೆ ಕೆರೆದುಕೊಂಡು ಹೇಳಿದ: "ಕಣ್ಣು ಮಾಡೀನ್ರಿ, ಕಾಲು ಮಾಡೀನ್ರಿ, ಕಿವಿನೂ ಮಾಡೀನಿ. ಇದೇನಂಬೋದು ನಾ ಕಂಡಽ ಇಲ್ರಿ. ಈ ಯಮ್ಮ ನೋಡ್ಯಾಳಂತ, ಆದ್ರ ಹೇಳಾಕ ಬರವಲ್ದು." ಸರ್ ಔಷಧಿ ಚೀಟಿಯ ಹಿಂದೆ ಗುಲ್ಮದ ಚಿತ್ರ ಬರೆದರು, ಅಂಚಿನ ಕಚ್ಚು ಸಮೇತ. ಅಕ್ಕಸಾಲಿ ಅದನ್ನು ಅಂಗಿ ಜೇಬಿನಲ್ಲಿ ಜೋಪಾನ ಮಾಡಿದ. ಬೆಳ್ಳಿಯದು ತಯಾರಾಗಿ ದೇವರ ಮುಂದೆ ಇಟ್ಟಾಗ ಪೂಜಾರಿ, "ಗೋಡಂಬಿ ಯಾಕ ಮಾಡ್ಸೀರಿ?" ಎಂದು ಕೇಳಿದನಂತೆ. ಆ ತಾಯಿ ಅದನ್ನು ಹೇಳಿ ನಕ್ಕ ನಗು ವಾರ್ಡಿಗೆಲ್ಲ ಕೇಳಿಸಿತು.

ಈಗ ಕೊಟ್ರಮ್ಮನ ವಿಷಯ. ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಅವಳಿಗಾಗಿ.

ಕೊಟ್ರಮ್ಮ ಕೊಟ್ಟೂರಿನವಳು, ಮೂವತ್ತೆಂಟು ವಯಸ್ಸು. ಗಂಡ ಹಮಾಲಿ ಮಾಡುತ್ತಿದ್ದ, ಒಬ್ಬಳು ಮಗಳು ಏಳನೇ ತರಗತಿ ಓದುತ್ತಿದ್ದಳು. ಅವಳಿಗೆ ಇದ್ದದ್ದು ಹೆಪಟೈಟಿಸ್ ಸಿ. ಹೆರಿಗೆಯಲ್ಲಿ ರಕ್ತ ಹಾಕಿದ್ದರಿಂದ ಬಂತೋ, ಊರೂರು ತಿರುಗುವ ಸೂಜಿ ವೈದ್ಯನಿಂದ ಬಂತೋ ಯಾರಿಗೂ ಗೊತ್ತಿಲ್ಲ. ಗುಲ್ಮ ಹೊಕ್ಕುಳ ಮುಟ್ಟಿತ್ತು, ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಆ ಕಾಲಕ್ಕೆ ಆ ವೈರಸ್ಸಿಗೆ ಇದ್ದದ್ದು ಒಂದೇ ಮದ್ದು, ವರ್ಷವಿಡೀ ವಾರವಾರ ಹಾಕುವ ಇಂಟರ್‌ಫೆರಾನ್ ಎಂಬ ಇಂಜೆಕ್ಷನ್. ಆದರೆ ಆ ಇಂಜೆಕ್ಷನ್ನು ಪ್ಲೇಟ್‌ಲೆಟ್ ಕಣಗಳನ್ನು ಇನ್ನೂ ಇಳಿಸುತ್ತದೆ. ಅವಳಲ್ಲಿ ಉಳಿದದ್ದೇ ಸ್ವಲ್ಪ. ಅದಕ್ಕೇ ಮೊದಲು ಗುಲ್ಮ ತೆಗೆದು ಕಣ ಏರಿಸೋಣ, ಆಮೇಲೆ ಇಂಜೆಕ್ಷನ್ ಹಾಕೋಣ ಎಂದು ಡಾಕ್ಟರುಗಳು ಯೋಚಿಸಿದರು. ಆಗ ಎಲ್ಲ ಕಡೆಯೂ ಹಾಗೇ ಯೋಚಿಸುತ್ತಿದ್ದರು.

ಗುಲ್ಮಕ್ಕೆ ಒಂದು ಒಳ್ಳೆಯ ಕೆಲಸವೂ ಇದೆ. ರಕ್ತಕ್ಕೆ ನುಗ್ಗಿದ ಕೆಲವು ರೋಗಾಣುಗಳನ್ನು ಸೋಸಿ ಹಿಡಿಯುವುದು ಅದೇ. ಅದನ್ನು ತೆಗೆಸಿಕೊಂಡವರಿಗೆ ಸಾಮಾನ್ಯ ಜ್ವರವೂ ಒಂದೇ ದಿನದಲ್ಲಿ ಪ್ರಾಣಕ್ಕೆ ಬರಬಹುದು, ಜೀವನಪೂರ್ತಿ. ಅದಕ್ಕಾಗಿ ಎರಡು ವಾರ ಮೊದಲೇ ಲಸಿಕೆ ಹಾಕುತ್ತೇವೆ, ಮನೆಗೆ ಕಳಿಸುವಾಗ ಕಟ್ಟುನಿಟ್ಟಾಗಿ ಹೇಳಿ ಕಳಿಸುತ್ತೇವೆ. ಹೇಳುವ ಕೆಲಸ ನನ್ನದು.

ಹಿಂದಿನ ದಿನ ಸರ್ ಕೋಣೆಯಲ್ಲಿ ಎಂದಿನಂತೆ ಕೇಳಿದರು. ಫಿಸಿಷಿಯನ್ ಏನೋ ಹೇಳಿದರು, ಅರಿವಳಿಕೆಯವರು ಏನೋ ಹೇಳಿದರು, ಅವಕ್ಕೆಲ್ಲ ಉತ್ತರವಿತ್ತು. ನನ್ನ ಸರದಿ ಬಂದಾಗ ನಾನು, "ಏನೂ ಇಲ್ಲ ಸರ್" ಎಂದೆ. ಸಹಿ ಸರಿಯಿತ್ತು, ಊಟ ಮಾಡುತ್ತಿದ್ದಳು, ಧೈರ್ಯವಾಗಿದ್ದಳು. ಒಂದು ಮಾತು ನಾನು ಅವಳನ್ನು ಕೇಳಿಯೇ ಇರಲಿಲ್ಲ, ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಆಪರೇಷನ್ ನಾಲ್ಕು ತಾಸು ಹಿಡಿಯಿತು. ಗುಲ್ಮ ಒಂದೂವರೆ ಕಿಲೋ ಮೇಲಿತ್ತು. ಹತ್ತನೇ ದಿನಕ್ಕೆ ಹೊಲಿಗೆ ಬಿಚ್ಚಿದೆವು. ಮನೆಗೆ ಕಳಿಸುವಾಗ ನಾನು ಮಂಚದ ಮುಂದೆ ನಿಂತು ಕಂಠಪಾಠ ಒಪ್ಪಿಸಿದೆ: ಮೈ ಬಿಸಿಯಾದರೆ ತಡ ಮಾಡದೆ ಆಸ್ಪತ್ರೆಗೆ ಬರಬೇಕು, ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಬೇಕು, ನೂರು ದಾಟಿದರೆ ಓಡಿ ಬರಬೇಕು, ಈ ಹಳದಿ ಕಾರ್ಡು ಯಾವಾಗಲೂ ಮೈಮೇಲೆ ಇರಬೇಕು. ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ಗುಲ್ಮ ತೆಗೆಯಲಾಗಿದೆ' ಎಂದು ನಾನೇ ಬರೆದಿದ್ದೆ. ಅವಳು ಪ್ರತಿ ಮಾತಿಗೂ "ಹೂಂನ್ರಿ ಅಕ್ಕಾರ" ಎಂದಳು. ನನಗೆ ಬಹಳ ಸಮಾಧಾನವಾಯಿತು. "ಹೂಂ" ಎಂದರೆ ತಿಳಿಯಿತು ಎಂದು ಅರ್ಥವಲ್ಲ, ದೊಡ್ಡವರು ಮಾತಾಡುವಾಗ "ಹೂಂ" ಎನ್ನುವುದು ನಮ್ಮ ಕಡೆಯ ಮರ್ಯಾದೆ. ಚಿಗಟೇರಿಯಲ್ಲಿ ಹುಟ್ಟಿದ ನನಗೆ ಅದು ಗೊತ್ತಿರಬೇಕಿತ್ತು.

ಕಣಗಳು ಏರಿದವು, ಇಂಜೆಕ್ಷನ್ ಶುರುವಾಯಿತು. ಅದು ಹಾಕಿದ ದಿನವೆಲ್ಲ ಅವಳಿಗೆ ಚಳಿ, ಮೈಕೈ ನೋವು. ಅದು ಮದ್ದಿನ ಜ್ವರ, ಗುಳಿಗೆ ನುಂಗಿ ಮಲಗು ಎಂದು ಫಿಸಿಷಿಯನ್ ಹೇಳಿದ್ದರು. ಕೂದಲು ಉದುರಿತು. ವರ್ಷ ಕಳೆದು ಪರೀಕ್ಷೆ ಮಾಡಿದರೆ ವೈರಸ್ ಹಾಗೇ ಇತ್ತು. ಆ ದಿನ ಅವಳು ಅಳಲಿಲ್ಲ. "ಹೋಗ್ಲಿ ಬಿಡ್ರಿ, ಇನ್ನ ವಾರಾ ವಾರಾ ಬಸ್ಸು ಹತ್ತೋದು ತಪ್ಪಿತು" ಎಂದು ಕಾರ್ಡನ್ನು ಎಲೆ ಅಡಿಕೆ ಸಂಚಿಯಲ್ಲಿ ತುರುಕಿಕೊಂಡು ಹೋದಳು. ನಾನೇ ಮೋರೆ ತಿರುಗಿಸಿಕೊಂಡೆ.

ಅದಾಗಿ ಆರೇಳು ತಿಂಗಳಿಗೆ ಒಂದು ಮಧ್ಯಾಹ್ನ ಆಂಬುಲೆನ್ಸ್ ಗಾಡಿ ಬಂದು ನಿಂತಿತು. ಸ್ಟ್ರೆಚರ್ ಮೇಲೆ ಕೊಟ್ರಮ್ಮ, ತುಟಿ ನೀಲಿ, ಕೈಕಾಲು ಮಂಜುಗಡ್ಡೆ, ಬಿಪಿ ಸಿಗುತ್ತಿಲ್ಲ. ಪಕ್ಕದಲ್ಲಿ ಒಬ್ಬ ಹೆಂಗಸು, ತಲೆಯಿಂದ ಪಾದದವರೆಗೆ ಬೂದಿ. ಅವಳ ಹೆಸರು ದುರುಗಮ್ಮ, ಕೊಟ್ರಮ್ಮನ ಜೊತೆ ಕೆಲಸ ಮಾಡುವವಳು. ಇಬ್ಬರೂ ಮಂಡಕ್ಕಿ ಭಟ್ಟಿಯವರು ಎಂದು ನನಗೆ ಗೊತ್ತಾದದ್ದು ಆಗ.

ಮಂಡಕ್ಕಿ ನಾವೆಲ್ಲ ತಿನ್ನುತ್ತೇವೆ. ಭಟ್ಟಿಯ ಮುಂದೆ ಅರ್ಧ ತಾಸು ಕೂತು ನೋಡಿ. ಭತ್ತದ ಹೊಟ್ಟು ಉರಿಯುವ ದೊಡ್ಡ ಒಲೆ, ಮೇಲೆ ಬಾಣಲೆ ತುಂಬ ಕಾದ ಮರಳು, ಅದರಲ್ಲಿ ಅಕ್ಕಿ ಹಾಕಿ ಕೈ ಬಿಡದೆ ಆಡಿಸಬೇಕು. ತಗಡಿನ ಸೂರು. ಮುಖ, ಎದೆ, ತೋಳು ಎಲ್ಲ ಸುಡುತ್ತಿರುತ್ತದೆ. ಕೊಟ್ರಮ್ಮ ಹದಿನೆಂಟು ವರ್ಷದಿಂದ ದಿನಕ್ಕೆ ಎಂಟು ತಾಸು ಅಲ್ಲಿ ಕೂರುತ್ತಿದ್ದಳು. ಅವಳಿಗೆ ನಾನು ಹೇಳಿದ್ದೇನು? ಮೈ ಬಿಸಿಯಾದರೆ ಬಾ.

ದುರುಗಮ್ಮ ನಡೆದದ್ದನ್ನು ಹೇಳಿದಳು. "ಬೆಳಿಗ್ಗಿಂದ ಮಂಕಾಗಿದ್ಲ್ರಿ. ಯಾಕಬೇ ಅಂದ್ರ ಏನಿಲ್ಲ ಅಂದ್ಲು. ಸ್ವಲ್ಪ ಹೊತ್ತಿಗೆ ನೋಡ್ತೀನಿ, ಚಳಿ ಚಳಿ ಅಂತ ಒಲಿಗೆ ಇನ್ನಾ ಹತ್ರ ಸರದ್ಲು! ಹದಿನೆಂಟು ವರ್ಷದಾಗ ಭಟ್ಟಿ ಮುಂದ ಕುಂತು ಚಳಿ ಅಂದಾಕಿನ್ನ ನಾ ಕಂಡಿಲ್ರಿ. ಬೆಂಕ್ಯಾಗ ಬಿದ್ದಾಳಂತ ಹಿಡದು ಎಳದೆ. ಹಲ್ಲು ಕಟಕಟ ಅಂತಿದ್ವು. ಆಸ್ಪತ್ರಿಗೆ ಹೊತ್ಕಂಡು ಹೋದೆ."

ಊರಿನ ಆಸ್ಪತ್ರೆಯಲ್ಲಿ ಆಗ ಒಬ್ಬ ಹೊಸ ಲೇಡಿ ಡಾಕ್ಟರು ಇದ್ದರು. ಏನಾದರೂ ಕಾಗದ ಇದೆಯೇ ಎಂದು ಕೇಳಿದಾಗ ದುರುಗಮ್ಮ ಅವಳ ಸಂಚಿ ಬಿಚ್ಚಿ ಸುರಿದಳು. ಸುಣ್ಣದ ಡಬ್ಬಿ, ಅಡಿಕೆ ಚೂರುಗಳ ನಡುವೆ ಕಾರ್ಡು ಸಿಕ್ಕಿತು. ಸುಣ್ಣ ಮೆತ್ತಿ ಅರ್ಧ ಅಕ್ಷರ ಹೋಗಿದ್ದವು. ಉಳಿದದ್ದನ್ನು ಓದಿ ಆ ಡಾಕ್ಟರಮ್ಮ ಮೊದಲು ರಕ್ತನಾಳಕ್ಕೆ ಆಂಟಿಬಯಾಟಿಕ್ ಹಾಕಿದರು, ಆಮೇಲೆ ಗಾಡಿ ಕರೆಸಿದರು. ಗಾಡಿ ಮೊದಲು, ಔಷಧ ಆಮೇಲೆ ಆಗಿದ್ದರೆ ದಾರಿಯಲ್ಲೇ ಮುಗಿಯುತ್ತಿತ್ತು. ಆ ಡಾಕ್ಟರಮ್ಮನ ಮುಖ ನಾನು ಇವತ್ತಿಗೂ ನೋಡಿಲ್ಲ, ಎಲ್ಲಿದ್ದರೂ ಚೆನ್ನಾಗಿರಲಿ.

ಒಂಬತ್ತು ದಿನ ಐಸಿಯುವಿನಲ್ಲಿ ಹಗ್ಗ ಜಗ್ಗಾಟ. ಸರ್ ದಿನಕ್ಕೆ ನಾಲ್ಕು ಸಲ ಬಂದು ಹೋಗುತ್ತಿದ್ದರು, ಬಂದಾಗ ಯಾರಿಗೂ ಬೈಯುತ್ತಿರಲಿಲ್ಲ. ಅದರಿಂದಲೇ ನಮಗೆ ಭಯ. ನಾನು ಡ್ಯೂಟಿ ಮುಗಿದರೂ ಅಲ್ಲೇ ಇರುತ್ತಿದ್ದೆ. ಹತ್ತನೇ ದಿನ ಕಣ್ಣು ಬಿಟ್ಟಳು. ಬಲಗಾಲಿನ ಎರಡು ಬೆರಳು ಕಪ್ಪಾಗಿದ್ದವು, ರಕ್ತ ಹೋಗದೆ ಸತ್ತಿದ್ದವು. ಅವನ್ನು ತೆಗೆಯಬೇಕಾಯಿತು.

ವಾರ್ಡಿಗೆ ಬಂದ ಮೇಲೆ ನನ್ನ ಹಳೆಯ ಬಾಯಿ ಸುಮ್ಮನಿರಬೇಕಲ್ಲ. "ಜ್ವರ ಬಂದ್ರೆ ಓಡಿ ಬಾ ಅಂತ ಹೇಳಿದ್ದಿಲ್ಲೇನಮ್ಮ ನಿನಗೆ? ಹೂಂ ಹೂಂ ಅಂತ ತಲೆ ಆಡಿಸಿದ್ದೆಲ್ಲಾ!" ಎಂದು ಗದರಿದೆ.

ಕೊಟ್ರಮ್ಮನಿಗೆ ಧ್ವನಿ ಇನ್ನೂ ಸರಿಯಾಗಿ ಬಂದಿರಲಿಲ್ಲ. ಮೆಲ್ಲಗೆ ಹೇಳಿದಳು: "ಮೈ ಬಿಸಿ ಆದ್ರ ಬಾ ಅಂದಿದ್ರಿ ಅಕ್ಕಾರ. ಭಟ್ಟಿ ಮುಂದ ಕುಂತಾಕಿ ನಾನು, ನನ್ನ ಮೈ ತಣ್ಣಗ ಯಾವಾಗಿತ್ರಿ?"

"ಮತ್ತೆ ಥರ್ಮಾಮೀಟರ್?"

"ತಂದಿದ್ನಲ್ರಿ. ಭಟ್ಟಿ ಹಿಂದಿನ ಗೂಡಿನಾಗ ಇಟ್ಟಿದ್ದೆ, ಕೈಗೆ ಸಿಗಲಿ ಅಂತ. ಯಾವಾಗ ನೋಡಿದ್ರೂ ಪಾದರಸ ತುದಿಗೇ ಏರಿರ್ತಿತ್ತು. ಕೆಟ್ಟೈತಿ ಅಂತ ಬಿಸಾಕಿದೆ."

ಪಕ್ಕದ ಮಂಚದವರು ನಕ್ಕರು. ನನಗೆ ನಗು ಬರಲಿಲ್ಲ. ಡ್ರೆಸಿಂಗ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವಳು ನಾನು ಹೇಳಿದ್ದನ್ನು ಒಂದೂ ಬಿಡದೆ ಮಾಡಿದ್ದಳು. ಥರ್ಮಾಮೀಟರ್ ತಂದಿದ್ದಳು, ಕಾರ್ಡು ಮೈಮೇಲೆ ಇಟ್ಟುಕೊಂಡಿದ್ದಳು, ಮೈ ಬಿಸಿಯಾಗುವುದನ್ನು ಕಾದಿದ್ದಳು. ತಪ್ಪು ನನ್ನದು. ಅವಳು ಯಾವ ಕೆಲಸ ಮಾಡುತ್ತಾಳೆ ಎಂದು ನಾನು ಕೇಳಿರಲಿಲ್ಲ. ಕೇಸ್ ಶೀಟಿನಲ್ಲಿ 'ಕೂಲಿ' ಎಂದು ಬರೆದಿತ್ತು, ಬರೆದವಳೂ ನಾನೇ. ಎರಡು ಬೆರಳು ಅವಳವು ಹೋದವು, ಬುದ್ಧಿ ನನಗೆ ಬಂತು.

ಇದನ್ನು ಸರ್ ಮುಂದೆ ಒಪ್ಪಿಕೊಂಡೆ. ಶಾಂತಕ್ಕ ಕಲಿಸಿದ್ದ ಪಾಠ, ಮುಚ್ಚಿಡಬಾರದು. ಸರ್, "ನಾನೂ ಕೇಳಿರಲಿಲ್ಲ" ಎಂದರು. ಅಷ್ಟೇ.

ಅವತ್ತಿನಿಂದ ನನ್ನ ಮಾತು ಬದಲಾಯಿತು. ಹುಡುಗಿಯರೇ, ಇದನ್ನು ಬೇಕಾದರೆ ಬರೆದಿಟ್ಟುಕೊಳ್ಳಿ. ಮೊದಲು, ಏನು ಕೆಲಸ ಮಾಡುತ್ತೀರಿ ಎಂದು ಕೇಳಿ. 'ಕೂಲಿ' ಎಂದರೆ ಎಂಥ ಕೂಲಿ ಎಂದು ಕೇಳಿ. ಇಟ್ಟಿಗೆ ಗೂಡಿನವರು, ಬೇಕರಿಯವರು, ಎಂಜಿನ್ ಪಕ್ಕ ಕೂರುವ ಡ್ರೈವರು, ಕಮ್ಮಾರರು ಇವರಿಗೆಲ್ಲ ಬಿಸಿಯ ಮಾತು ಹೇಳಬೇಡಿ, ನಡುಕದ ಮಾತು ಹೇಳಿ. "ಬಿಸಿಲಾಗ ಕುಂತಾಗ ಚಳಿ ಹತ್ತಿದ್ರ, ಹಲ್ಲು ಕಡದ್ರ, ಆ ಹೊತ್ತಿಗೇ ಎದ್ದು ಬರ್ರಿ." ಅವರು ಹೂಂ ಎಂದರೆ ಬಿಡಬೇಡಿ, ನಾನು ಏನು ಹೇಳಿದೆ ನೀವು ಹೇಳಿ ನೋಡೋಣ ಎನ್ನಿ. ಇನ್ನೊಂದು, ಗಂಡನಿ​ಗೋ ಅತ್ತೆಗೋ ಹೇಳಿ ಕೈ ತೊಳೆದುಕೊಳ್ಳಬೇಡಿ. ಹಗಲೆಲ್ಲ ಅವರ ಪಕ್ಕದಲ್ಲಿ ಕೂತು ದುಡಿಯುವವರು ಯಾರು ಎಂದು ಕೇಳಿ, ಅವರನ್ನು ಕರೆಸಿ ಹೇಳಿ. ಕೊಟ್ರಮ್ಮನನ್ನು ಉಳಿಸಿದ್ದು ನನ್ನ ಕಂಠಪಾಠವಲ್ಲ, ದುರುಗಮ್ಮನ ಕಣ್ಣು. ನಾನು ಕೊಟ್ಟೂರಿಗೆ ವರ್ಗವಾಗಿ ಬಂದ ಮೇಲೆ ಮೊದಲು ಹೋದದ್ದು ಆ ಭಟ್ಟಿಗೇ. ದುರುಗಮ್ಮನ ಕೈ ಹಿಡಿದುಕೊಂಡೆ. ಅವಳು, "ಬಿಡ್ರಿ ಅಕ್ಕಾರ, ಮಸಿ ಹತ್ತತೈತಿ" ಎಂದಳು.

ಆಮೇಲೆ ಕಾಲ ಬದಲಾಯಿತು. ಹೆಪಟೈಟಿಸ್ ಸಿ ವೈರಸ್ಸಿಗೆ ಗುಳಿಗೆ ಬಂದವು. ವಾರವಾರ ಚುಚ್ಚುವುದಿಲ್ಲ, ಕೂದಲು ಉದುರುವುದಿಲ್ಲ, ದಿನಾ ಗುಳಿಗೆ ನುಂಗಿದರೆ ಕೆಲವು ತಿಂಗಳಲ್ಲಿ ಬಹುಪಾಲು ಜನರಿಗೆ ವೈರಸ್ ಹೋಗುತ್ತದೆ. ಕಣಗಳು ಕಡಿಮೆ ಇದ್ದರೂ ಅಡ್ಡಿಯಿಲ್ಲ. ಅಂದರೆ ಇಂಜೆಕ್ಷನ್ನಿಗೆ ದಾರಿ ಮಾಡಲೆಂದು ಗುಲ್ಮ ತೆಗೆಯುವ ಕೆಲಸವೇ ಬಿದ್ದುಹೋಯಿತು. ನೀವು ಕೆಲಸಕ್ಕೆ ಸೇರಿದ ಮೇಲೆ ಅಂಥ ಆಪರೇಷನ್ ನೋಡುವುದು ಅಪರೂಪ. ನೋಡಬೇಕಾಗದಿರಲಿ.

ಕೊಟ್ರಮ್ಮನಿಗೂ ಆ ಗುಳಿಗೆ ಸಿಕ್ಕವು. ಕೊನೆಯ ಪರೀಕ್ಷೆಯ ಫಲಿತಾಂಶ ತಿಳಿಯುವ ದಿನ ನಾನು ರಜೆ ಹಾಕಿ ಅವಳ ಜೊತೆ ದೊಡ್ಡಾಸ್ಪತ್ರೆಗೆ ಹೋದೆ. ವೈರಸ್ ಇರಲಿಲ್ಲ. ಫಿಸಿಷಿಯನ್ ಕೈ ಮುಗಿದರೆ ಅವಳೂ ಕೈ ಮುಗಿದಳು. ಹೊರಗೆ ಬರುವಾಗ ಸರ್ಜನ್ ಸರ್, "ಒಂದು ನಿಮಿಷ ಬಾರವ್ವಾ" ಎಂದು ತಮ್ಮ ಕೋಣೆಗೆ ಕರೆದರು. ಅವರ ನಿವೃತ್ತಿಗೆ ಎರಡು ತಿಂಗಳಿತ್ತು. ಕೂದಲೆಲ್ಲ ಬೆಳ್ಳಗಾಗಿತ್ತು.

ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತಾವು ನಿಂತೇ ಹೇಳಿದರು: "ನೋಡವ್ವಾ ಕೊಟ್ರಮ್ಮ, ನಿನಗೊಂದು ಮಾತು ಹೇಳಬೇಕು. ಈ ಗುಳಿಗಿ ಆವಾಗ ಬಂದಿದ್ರ ನಾ ನಿನ್ನ ಹೊಟ್ಟಿ ಕೊಯ್ತಿರಲಿಲ್ಲ. ಗುಲ್ಮ ಹೋಗ್ತಿರಲಿಲ್ಲ, ಆ ಚಳಿಜ್ವರ ಬರ್ತಿರಲಿಲ್ಲ, ಕಾಲ್ಬೆರಳೂ ಇರ್ತಿದ್ವು."

ಇದನ್ನು ಯಾಕೆ ಹೇಳುತ್ತಿದ್ದಾರೆ ಎಂದು ನನಗೆ ಸರ್ ಮೇಲೆ ಸಿಟ್ಟು ಬಂತು. ಸಂತೋಷದ ದಿನ, ಸುಮ್ಮನೆ ಕಳಿಸಬಾರದೇ?

ಕೊಟ್ರಮ್ಮನ ಮುಖ ಗಂಟಿಕ್ಕಿತು. "ಹಂಗಾರ ನನ್ನ ಸುಮ್ಸುಮ್ಮನ ಕೊಯ್ದ್ರೇನ್ರಿ?"

"ಸುಮ್ಮನಲ್ಲ. ಆವತ್ತು ನನಗ ಗೊತ್ತಿದ್ದ ದಾರಿ ಅದೊಂದೇ. ಈ ಗುಳಿಗಿ ಬರೋ ತನಕ ಕಾದಿದ್ರ ನೀನು ಇರ್ತಿದ್ದಿಲ್ಲೋ ಇರ್ತಿದ್ದೆಯೋ, ಅದೂ ನನಗ ಗೊತ್ತಿಲ್ಲ. ಗೊತ್ತೈತಿ ಅಂತ ಸುಳ್ಳು ಹೇಳಲ್ಲ."

ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೂತಳು.

"ನೀವು ಹೇಳದಿದ್ರ ಇದು ನನಗ ಗೊತ್ತಾಗ್ತಿತ್ತೇನ್ರಿ?" ಎಂದು ಕೇಳಿದಳು.

"ಇಲ್ಲ."

"ಮತ್ತ ಯಾಕ ಹೇಳಿದ್ರಿ?"

ಸರ್ ಕನ್ನಡಕ ತೆಗೆದರು. "ನಿನ್ನ ಗುಲ್ಮ ಇನ್ನ ಬರಲ್ಲ. ನಾಳೆ ಮತ್ತ ಚಳಿ ಹತ್ತಬಹುದು. ಆವಾಗ ನೀನು ನಮ್ಮನ್ನ ನಂಬಿ ಓಡಿ ಬರಬೇಕಲ್ಲವ್ವಾ, ಅದಕ್ಕ."

ಕೊಟ್ರಮ್ಮ ಎದ್ದಳು. ಸೆರಗು ಸರಿಮಾಡಿಕೊಂಡಳು. ಸರ್ ಮುಖವನ್ನೇ ನೋಡಿ, "ಬರ್ತೀನಿ ತಗೋರಿ ಸಾಹೇಬ್ರ" ಎಂದಳು.

ಬಂದಳು. ನಾನು ಕೊಟ್ಟೂರಿನಲ್ಲಿದ್ದ ವರ್ಷಗಳಲ್ಲಿ ಮೂರು ಸಲ ಅವಳಿಗೆ ಚಳಿಜ್ವರ ಬಂತು. ಮೂರು ಸಲವೂ ತಾಸು ಕಳೆಯುವುದರೊಳಗೆ, ಕೈಯ ಮರಳು ಬೂದಿಯನ್ನೂ ತೊಳೆಯದೆ, ದುರುಗಮ್ಮನ ಹೆಗಲು ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತಳು. ಮೂರು ಸಲವೂ ಎಂಟು ಬೆರಳಿನ ಆ ಕಾಲುಗಳಲ್ಲಿ ತಾನೇ ನಡೆದುಕೊಂಡು ಮನೆಗೆ ಹೋದಳು.